ಸ್ಕೋರ್ ಆಮೇಲೆ ನೋಡೋಣ, ಮೊದಲು ತಟ್ಟೆ ತೋರಿಸಿ

ನಾನು ಹೊಟ್ಟೆ, ಕರುಳಿನ ಡಾಕ್ಟರು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ಇದೇ ಕೆಲಸ. ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಕರುಳಿನ ಬ್ಯಾಕ್ಟೀರಿಯಾದ್ದೇ. ಹಿಂದೆ ಇದೇ ಜಾಗದಲ್ಲಿ ಗ್ಲುಟೆನ್ ಇತ್ತು, ಅದಕ್ಕೂ ಮುಂಚೆ ಅಲ್ಕಲೈನ್ ನೀರು. ಬ್ಯಾಕ್ಟೀರಿಯಾ ಎಂದರೇನು, ಅದು ಕರುಳಲ್ಲಿ ಏಕಿದೆ ಎಂದು ಮೊದಲಿನಿಂದ ಹೇಳುತ್ತಾ ಕೂರುವುದಿಲ್ಲ. ಪ್ರಶ್ನೆಗೆ ಬರೋಣ.

ಪ್ರಶ್ನೆ: ನನಗೆ 34 ವರ್ಷ. ಊರು ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ. ಒಂಬತ್ತು ವರ್ಷದಿಂದ ಬೆಂಗಳೂರಿನಲ್ಲಿ ಐಟಿ ಕೆಲಸ. ಆಗಾಗ ಗ್ಯಾಸ್ ಆಗುತ್ತೆ, ಬೇರೇನೂ ತೊಂದರೆ ಇಲ್ಲ. ಆನ್‌ಲೈನ್‌ನಲ್ಲಿ ಕಿಟ್ ತರಿಸಿ ಮಲದ ಸ್ಯಾಂಪಲ್ ಕಳಿಸಿದ್ದೆ. 'ಬ್ಯಾಕ್ಟೀರಿಯಾ ವೈವಿಧ್ಯ ಕಡಿಮೆ' ಎಂದು ಕೆಂಪು ಬಣ್ಣದಲ್ಲಿ ರಿಪೋರ್ಟ್ ಬಂದಿದೆ. ಮೂರು ತಿಂಗಳು ಪ್ರೋಬಯಾಟಿಕ್ (ಜೀವಂತ ಬ್ಯಾಕ್ಟೀರಿಯಾ ತುಂಬಿದ) ಕ್ಯಾಪ್ಸೂಲ್ ತಗೊಳ್ಳಿ ಅಂತ ಅದೇ ಕಂಪನಿಯವರು ಹೇಳುತ್ತಿದ್ದಾರೆ. ತಗೊಳ್ಳಲಾ? ಊರಲ್ಲಿರುವ ಅಪ್ಪನಿಗೂ ಟೆಸ್ಟ್ ಮಾಡಿಸಲಾ?

ಉತ್ತರ: ಮೊದಲು ಅಪ್ಪನನ್ನು ಬಿಟ್ಟುಬಿಡಿ, ಪಾಪ.

ಕಾಯಿಲೆ ಇದೆ ಎಂದವರೂ ಅವರೇ, ಔಷಧಿ ಮಾರುವವರೂ ಅವರೇ. ಇದು ನಿಮಗೆ ವಿಚಿತ್ರ ಅನ್ನಿಸಲಿಲ್ವಾ? ವೈವಿಧ್ಯದ ಸ್ಕೋರ್ ಎಂದರೆ ಎಷ್ಟು ಬಗೆಯ ಬ್ಯಾಕ್ಟೀರಿಯಾ ಇವೆ, ಯಾವ ಬಗೆ ಎಷ್ಟೆಷ್ಟಿದೆ ಎನ್ನುವ ಒಂದು ಲೆಕ್ಕ. ಬಿಪಿ, ಶುಗರ್‌ಗೆ ಇರುವ ಹಾಗೆ ಇದಕ್ಕೆ 'ಇಷ್ಟಿದ್ದರೆ ನಾರ್ಮಲ್' ಎನ್ನುವ ಗೆರೆ ಇಲ್ಲ. ಒಂದೇ ಸ್ಯಾಂಪಲ್ಲನ್ನು ಎರಡು ಲ್ಯಾಬಿಗೆ ಕೊಟ್ಟರೆ ಎರಡು ಬಗೆಯ ಉತ್ತರ ಬರಬಹುದು.

ಕಂಪನಿಯವರು ಹೇಳದ ಇನ್ನೊಂದು ವಿಷಯ ಇದೆ. ಮಲ ಗಟ್ಟಿಯಾದಷ್ಟೂ ಈ ಸ್ಕೋರ್ ಏರುತ್ತೆ. ಬೆಲ್ಜಿಯಂನ ಸಂಶೋಧಕರು 2016ರಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಆಹಾರ ಕರುಳಲ್ಲಿ ನಿಧಾನಕ್ಕೆ ಸಾಗಿದರೆ ಬಗೆಬಗೆಯ ಬ್ಯಾಕ್ಟೀರಿಯಾ ಬೆಳೆಯಲು ಟೈಮ್ ಸಿಗುತ್ತೆ. ಅಂದರೆ ನಾಲ್ಕು ದಿನಕ್ಕೊಮ್ಮೆ ಕಷ್ಟಪಟ್ಟು ಹೋಗುವ ನನ್ನ ಮಲಬದ್ಧತೆಯ ರೋಗಿಯ ರಿಪೋರ್ಟ್ ನಿಮ್ಮದಕ್ಕಿಂತ ಹಸಿರಾಗಿರಬಹುದು. ಬೇಕಾ ಅಂಥ ಸ್ಕೋರ್?

ಹಾಗಂತ ಸಿಟಿಗೆ ಬಂದವರ ಕರುಳು ಬದಲಾಗುತ್ತೆ ಅನ್ನೋದು ಸುಳ್ಳಲ್ಲ. ಆಫ್ರಿಕಾದ ಬುರ್ಕಿನಾ ಫಾಸೋದ ಹಳ್ಳಿ ಮಕ್ಕಳನ್ನೂ ಇಟಲಿಯ ಫ್ಲಾರೆನ್ಸ್ ನಗರದ ಮಕ್ಕಳನ್ನೂ 2010ರಲ್ಲೇ ಹೋಲಿಸಿ ನೋಡಿದ್ದರು. ಸಿರಿಧಾನ್ಯ, ಕಾಳು, ತರಕಾರಿ ತಿನ್ನುವ ಹಳ್ಳಿ ಮಕ್ಕಳಲ್ಲಿ ನಾರು ಅರಗಿಸುವ ಪ್ರಿವೊಟೆಲ್ಲಾದಂಥ ಬ್ಯಾಕ್ಟೀರಿಯಾ ತುಂಬಿದ್ದವು, ವೈವಿಧ್ಯವೂ ಜಾಸ್ತಿ. ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು 2018ರ ಅಮೆರಿಕದ ಅಧ್ಯಯನ. ಆಗ್ನೇಯ ಏಷ್ಯಾದಿಂದ ಮಿನೆಸೋಟಕ್ಕೆ ವಲಸೆ ಬಂದ ಹ್ಮಾಂಗ್ ಮತ್ತು ಕರೆನ್ ಸಮುದಾಯದವರ ಮೇಲೆ ನಡೆದದ್ದು. 500ಕ್ಕೂ ಹೆಚ್ಚು ಹೆಂಗಸರನ್ನು ಪರೀಕ್ಷಿಸಿದರು. ಬಂದ 6ರಿಂದ 9 ತಿಂಗಳಲ್ಲೇ ಕರುಳಿನ ಬ್ಯಾಕ್ಟೀರಿಯಾ ಬದಲಾಗತೊಡಗಿತ್ತು. ಪ್ರಿವೊಟೆಲ್ಲಾ ಇಳಿದು, ಬ್ಯಾಕ್ಟೀರಾಯ್ಡಿಸ್ ಎನ್ನುವ ಬೇರೆ ಗುಂಪು ಏರಿತ್ತು. ಅಲ್ಲೇ ಹುಟ್ಟಿದ ಮಕ್ಕಳ ತಲೆಮಾರಿಗೆ ವೈವಿಧ್ಯ ಇನ್ನೂ ಇಳಿದಿತ್ತು.

ಬೆಂಗಳೂರು ಮಿನೆಸೋಟ ಅಲ್ಲ. ಇಲ್ಲಿ ಬೀದಿ ಕೊನೆಯಲ್ಲೇ ಸೊಪ್ಪು ಸಿಗುತ್ತೆ. ಸಮಸ್ಯೆ ಏನೆಂದರೆ, ನೀವು ಕೊಳ್ಳುವುದಿಲ್ಲ.

ಮೊನ್ನೆ ನಿಮ್ಮ ಹಾಗೇ ಒಬ್ಬ ಹುಡುಗ ಬಣ್ಣಬಣ್ಣದ ರಿಪೋರ್ಟ್ ಹಿಡಿದು ಬಂದಿದ್ದ. ಅವನೂ ಹಾಸನದ ಕಡೆಯವನು. ರಿಪೋರ್ಟಿನ ಹಿಂಬದಿ ಖಾಲಿ ಇತ್ತು. 'ಕಳೆದ ವಾರ ತಿಂದದ್ದೆಲ್ಲ ಇಲ್ಲಿ ಬರೆಯಪ್ಪ' ಎಂದೆ. ಇಡ್ಲಿ, ಮಸಾಲೆ ದೋಸೆ, ಪೂರಿ, ಪರೋಟ, ಘೀ ರೈಸ್, ಬಿರಿಯಾನಿ, ನೂಡಲ್ಸ್, ಪಿಜ್ಜಾ, ಪಿಜಿಯ ಅನ್ನ ಸಾಂಬಾರ್... ಪುಟ ತುಂಬಿತು. 'ನೋಡಿ ಸಾರ್, ಎಷ್ಟೊಂದು ವೆರೈಟಿ' ಎಂದ. ಸರಿ, ಈಗ ಇದರಲ್ಲಿ ಗಿಡ ಎಷ್ಟು ಎಣಿಸು ಎಂದೆ. ಅಕ್ಕಿ, ಗೋಧಿ, ಉದ್ದು, ತೊಗರಿ, ಹುರಿಗಡಲೆ, ಆಲೂಗಡ್ಡೆ, ಈರುಳ್ಳಿ, ಟೊಮೆಟೊ, ಬೀನ್ಸ್, ಕ್ಯಾರೆಟ್, ಬಾಳೆಹಣ್ಣು. ಹನ್ನೊಂದಕ್ಕೆ ಪೆನ್ನು ನಿಂತಿತು. ಅದೇ ಅಕ್ಕಿ, ಅದೇ ಮೈದಾ ಬೇರೆ ಬೇರೆ ವೇಷದಲ್ಲಿ ಬಂದಿದ್ದವು, ಅಷ್ಟೆ.

ಊರಲ್ಲಿ ಬೆರಕೆ ಸೊಪ್ಪು ತಿಂತಿದ್ಯಾ ಎಂದು ಕೇಳಿದೆ. ಮುಖ ಅರಳಿತು. ಅಜ್ಜಿ ಹೊಲದ ಬದುವಿನಿಂದ ಮಡಿಲು ತುಂಬಾ ಕಿತ್ತು ತರುತ್ತಿದ್ದರಂತೆ. ಅಣ್ಣೆ ಸೊಪ್ಪು, ಗಣಿಕೆ, ಹೊನಗೊನೆ, ಕೀರೆ, ಗೋಣಿ ಸೊಪ್ಪು, ಇನ್ನೂ ಹೆಸರು ಗೊತ್ತಿಲ್ಲದವು ಮೂರ್ನಾಲ್ಕು. ಅದಕ್ಕೆ ಅವರೆಕಾಳೋ ಅಲಸಂದೆಯೋ ಹಾಕಿ ಬಸ್ಸಾರು, ಜೊತೆಗೆ ರಾಗಿ ಮುದ್ದೆ. ಅವನ ಸಿಟಿ ಜೀವನದ ಒಂದು ವಾರದ ಲೆಕ್ಕವನ್ನು ಅಜ್ಜಿ ಒಂದು ಹೊತ್ತಿನ ಊಟದಲ್ಲಿ ಮುಟ್ಟಿಸಿಬಿಡುತ್ತಿದ್ದರು.

ಬಗೆಬಗೆಯ ನಾರು ಬಗೆಬಗೆಯ ಬ್ಯಾಕ್ಟೀರಿಯಾಕ್ಕೆ ಊಟ. 2018ರಲ್ಲೇ ಬಂದ 'ಅಮೆರಿಕನ್ ಗಟ್' ಅಧ್ಯಯನದಲ್ಲಿ, ವಾರಕ್ಕೆ 30ಕ್ಕಿಂತ ಹೆಚ್ಚು ಬಗೆಯ ಸಸ್ಯಾಹಾರ ತಿನ್ನುವವರಲ್ಲಿ, 10 ಅಥವಾ ಅದಕ್ಕಿಂತ ಕಡಿಮೆ ತಿನ್ನುವವರಿಗಿಂತ ವೈವಿಧ್ಯ ಜಾಸ್ತಿ ಇತ್ತು. 30 ಅನ್ನುವುದು ಮಂತ್ರವಲ್ಲ. ತಾವಾಗಿ ಮುಂದೆ ಬಂದವರು ತಾವೇ ಬರೆದುಕೊಟ್ಟ ಲೆಕ್ಕ ಅದು. ಆದರೆ ದಾರಿ ಸರಿ ಇದೆ. ಇಂಗು ಲೆಕ್ಕಕ್ಕೆ ಬರುತ್ತಾ ಅಂತ ಮಾತ್ರ ಕಾಗದ ಬರೆಯಬೇಡಿ.

ನಾಳೆಯಿಂದಲೇ ಬಟ್ಟಲುಗಟ್ಟಲೆ ಹುರುಳಿಕಾಳು ತಿನ್ನಲೂ ಬೇಡಿ. ನಾನೇ ಒಮ್ಮೆ ಹುಮ್ಮಸ್ಸಿಗೆ ಬಿದ್ದು ಒಂದು ವಾರ ಎರಡು ಹೊತ್ತೂ ಕಾಳು ತಿಂದೆ. ಒಪಿಡಿಯಲ್ಲಿ ರೋಗಿಗಳ ಎದುರು ಕೂರುವುದೇ ಕಷ್ಟವಾಯಿತು. ವಾರಕ್ಕೆ ಒಂದು ಹೊಸ ಸೊಪ್ಪು, ಒಂದು ಹೊಸ ಕಾಳು ಸಾಕು. ನಿಮಗೆ ಮೊದಲೇ ಗ್ಯಾಸ್ ಇದೆ, ಹೆಸರುಕಾಳಿನಿಂದ ಶುರು ಮಾಡಿ. ನೆನೆಸಿದ ನೀರು ಚೆಲ್ಲಿ ಬೇಯಿಸಿ.

ಇನ್ನು ನಿಮ್ಮ ಪತ್ರದಲ್ಲಿ ಇಲ್ಲದ, ನಾನು ಮೊದಲು ಕೇಳುವ ಪ್ರಶ್ನೆ: ಕಳೆದ ಎರಡು ವರ್ಷದಲ್ಲಿ ಎಷ್ಟು ಸಲ ಆಂಟಿಬಯಾಟಿಕ್ ನುಂಗಿದ್ದೀರಿ? ನೆಗಡಿಗೆ ಅಜಿತ್ರೋಮೈಸಿನ್ ಮೂರು ದಿನ, ಲೂಸ್ ಮೋಷನ್‌ಗೆ ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಎರಡು ಮಾತ್ರೆ. ಚೀಟಿ ಇಲ್ಲದೆ ಕೊಡಬಾರದು ಅಂತ ಕಾನೂನಿದೆ, ಆದರೂ ಮೆಡಿಕಲ್ ಶಾಪಿನ ಹುಡುಗ ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುತ್ತಾನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೂವರಿಗೆ ಸಿಪ್ರೋಫ್ಲಾಕ್ಸಾಸಿನ್ ಎನ್ನುವ ಆಂಟಿಬಯಾಟಿಕ್ ಎರಡು ಕೋರ್ಸ್ ಕೊಟ್ಟು 10 ತಿಂಗಳು ಗಮನಿಸಿದ್ದರು. 3-4 ದಿನದಲ್ಲೇ ವೈವಿಧ್ಯ ಕುಸಿಯಿತು. ಆಮೇಲೆ ಚೇತರಿಸಿಕೊಂಡಿತು, ಆದರೆ ಪೂರ್ತಿ ಮೊದಲಿನಂತೆ ಆಗಲಿಲ್ಲ. ಮೂರೇ ಜನ, ಒಪ್ಪುತ್ತೇನೆ. ನನಗೆ ಎಚ್ಚರ ವಹಿಸಲು ಅಷ್ಟು ಸಾಕು. ಟೈಫಾಯಿಡ್ ಆಗಿ ಡಾಕ್ಟರು ಬರೆದುಕೊಟ್ಟರೆ ಮಾತ್ರ ಇದನ್ನು ನೆನೆದು ಮಾತ್ರೆ ಬಿಡಬೇಡಿ.

ಕ್ಯಾಪ್ಸೂಲ್ ಬೇಡ. ಅದರಲ್ಲಿರುವುದು ಕೆಲವೇ ಬಗೆ. ಕೆಲವರ ಕರುಳಲ್ಲಿ ಅವು ನೆಲೆಯೂರುವುದೇ ಇಲ್ಲ, ಬಂದ ದಾರಿ ಹಿಡಿದು ಹೋಗುತ್ತವೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಆಂಟಿಬಯಾಟಿಕ್ ಆದ ಮೇಲೆ ಪ್ರೋಬಯಾಟಿಕ್ ಕೊಟ್ಟು ನೋಡಿದರು. ಏನೂ ಕೊಡದೆ ಬಿಟ್ಟವರಿಗಿಂತ ಪ್ರೋಬಯಾಟಿಕ್ ತಗೊಂಡವರ ಸ್ವಂತ ಬ್ಯಾಕ್ಟೀರಿಯಾ ವಾಪಸ್ ಬರುವುದು ತಡವಾಯಿತು. ಅಮೆರಿಕದ ಗ್ಯಾಸ್ಟ್ರೋ ತಜ್ಞರ ಸಂಘ 2020ರಲ್ಲಿ ಹೊಟ್ಟೆಯ ಹೆಚ್ಚಿನ ಕಾಯಿಲೆಗಳಿಗೆ ಪ್ರೋಬಯಾಟಿಕ್ ಶಿಫಾರಸು ಮಾಡಲಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಂಥ ಕೆಲವೇ ಸಂದರ್ಭಗಳಿವೆ, ಅದು ಡಾಕ್ಟರ ತೀರ್ಮಾನ. ಆ ದುಡ್ಡಿಗೆ ಸೊಪ್ಪು ಕೊಳ್ಳಿ.

ಪ್ರಶ್ನೆ: ಇಡ್ಲಿ, ದೋಸೆ ಹುದುಗಿದ ಆಹಾರ. ದಿನಾ ತಿನ್ನುತ್ತೇವೆ. ಒಳ್ಳೆಯ ಬ್ಯಾಕ್ಟೀರಿಯಾ ತಾನಾಗೇ ಸಿಗುತ್ತೆ ಅಲ್ವಾ?

ಉತ್ತರ: ಹಿಟ್ಟಿನಲ್ಲಿ ಇರುತ್ತೆ. ಹಬೆಯಲ್ಲಿ ಬೇಯಿಸಿದಾಗ ಸಾಯುತ್ತೆ. ಇಡ್ಲಿ ಸುಲಭವಾಗಿ ಅರಗುವ ಒಳ್ಳೆ ತಿಂಡಿ, ಅಷ್ಟೇ. ಮಜ್ಜಿಗೆ ಹುಳಿಯ ಕಥೆಯೂ ಇದೇ. ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಮೊಸರು, ಮಜ್ಜಿಗೆ, ಅಥವಾ ರಾತ್ರಿ ಕಾಯಿಸಿಟ್ಟು ಬೆಳಿಗ್ಗೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ. ಸ್ಟ್ಯಾನ್‌ಫರ್ಡ್‌ನ 2021ರ ಪ್ರಯೋಗದಲ್ಲಿ 10 ವಾರ ಮೊಸರಿನಂಥ ಹುದುಗಿದ ಆಹಾರ ಜಾಸ್ತಿ ತಿಂದವರ ಕರುಳಲ್ಲಿ ವೈವಿಧ್ಯ ಏರಿತ್ತು. ಬರೀ ನಾರು ಹೆಚ್ಚಿಸಿದವರಲ್ಲಿ ಅಷ್ಟರೊಳಗೆ ಏರಲಿಲ್ಲ. ಹಾಗಾಗಿ ಬಸ್ಸಾರೂ ಇರಲಿ, ಕೊನೆಗೆ ಮಜ್ಜಿಗೆ ಅನ್ನವೂ ಇರಲಿ. ಕೀಮೋಥೆರಪಿ ನಡೆಯುತ್ತಿರುವವರು, ಅಂಗಾಂಗ ಕಸಿ ಆದವರು ಮಾತ್ರ ನಿಮ್ಮ ಡಾಕ್ಟರನ್ನು ಕೇಳದೆ ಇಂಥ ಪ್ರಯೋಗಕ್ಕೆ ಇಳಿಯಬೇಡಿ.

ಪ್ರಶ್ನೆ: ತಿಂಗಳಿಗೊಮ್ಮೆ ಕರುಳು ತೊಳೆಸಿದರೆ ಕೆಟ್ಟ ಬ್ಯಾಕ್ಟೀರಿಯಾ ಹೋಗುತ್ತಂತೆ?

ಉತ್ತರ: ಒಳ್ಳೆಯದನ್ನು ಬಿಟ್ಟು ಕೆಟ್ಟದ್ದನ್ನು ಮಾತ್ರ ತೊಳೆಯುವ ನೀರು ಎಲ್ಲಿ ಸಿಗುತ್ತೆ, ನನಗೂ ತಿಳಿಸಿ. ಕೊಲೊನೋಸ್ಕೋಪಿಗೆ, ಅಂದರೆ ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆಗೆ, ಮುಂಚೆ ನಾವೇ ಪೂರ್ತಿ ತೊಳೆಸುತ್ತೇವೆ. ಕೆಲವು ವಾರದಲ್ಲಿ ಹೆಚ್ಚೂಕಡಿಮೆ ಹಳೆಯವೇ ವಾಪಸ್ ಬಂದಿರುತ್ತವೆ.

ಪ್ರಶ್ನೆ: ನಮ್ಮ ದೇಹದ ಜೀವಕೋಶಗಳಿಗಿಂತ ಬ್ಯಾಕ್ಟೀರಿಯಾ ಹತ್ತು ಪಟ್ಟು ಅಂತ ಓದಿದೆ. ನಿಜಾನಾ?

ಉತ್ತರ: ಹಳೆ ಲೆಕ್ಕ. 2016ರ ಲೆಕ್ಕದ ಪ್ರಕಾರ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, 30 ಲಕ್ಷ ಕೋಟಿ ನಮ್ಮ ಕೋಶಗಳು.

ಪ್ರಶ್ನೆ: ಆರು ವರ್ಷದಿಂದ ದಿನಾ ಬೆಳಿಗ್ಗೆ ಗ್ಯಾಸ್ ಮಾತ್ರೆ ತಗೊಳ್ತೀನಿ. ಬ್ಯಾಕ್ಟೀರಿಯಾಕ್ಕೆ ತೊಂದರೆ ಇದೆಯಾ?

ಉತ್ತರ: ಇದೆ. ಪ್ಯಾಂಟೊಪ್ರಜೋಲ್‌ನಂಥವು ಹೊಟ್ಟೆಯ ಆಮ್ಲ ಇಳಿಸುತ್ತವೆ. ಆಮ್ಲದಲ್ಲಿ ಸಾಯಬೇಕಿದ್ದ ಬಾಯಿಯ ಬ್ಯಾಕ್ಟೀರಿಯಾ ಕರುಳಿನವರೆಗೂ ಹೋಗುತ್ತವೆ. ಆದರೆ ಆರು ವರ್ಷ ಯಾರು ಬರೆದುಕೊಟ್ಟರು? ಹಳೇ ಚೀಟಿ ತಗೊಂಡು ಡಾಕ್ಟರ ಹತ್ತಿರ ಹೋಗಿ, ನೀವಾಗೇ ಒಂದೇ ಸಲಕ್ಕೆ ನಿಲ್ಲಿಸಬೇಡಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ನಿದ್ದೆಯಿಂದ ಎಬ್ಬಿಸುವ ಭೇದಿ, ಇವುಗಳಲ್ಲಿ ಒಂದಿದ್ದರೂ ಈ ವಾರವೇ ಹೋಗಿ.

ಪ್ರಶ್ನೆ: ಡಾಕ್ಟರೇ, ನೀವು ಈ ಟೆಸ್ಟ್ ಮಾಡಿಸಿಕೊಂಡಿದ್ದೀರಾ?

ಉತ್ತರ: ಇಲ್ಲ.

ಪ್ರಶ್ನೆ: ಮಗುವಿನ ಕರುಳಿಗೆ ಒಳ್ಳೆಯದು ಅಂತ ನಾಟಿ ಹಸುವಿನ ಹಾಲನ್ನು ಕಾಯಿಸದೆ ಕೊಡಲು ಒಬ್ಬರು ಹೇಳಿದರು.

ಉತ್ತರ: ಹೇಳಿದವರ ಫೋನ್ ನಂಬರ್ ಅಳಿಸಿ. ಕಾಯಿಸದ ಹಾಲಿನಿಂದ ಬ್ರುಸೆಲ್ಲೋಸಿಸ್, ಟಿಬಿ ಬರುತ್ತೆ. ಬ್ರುಸೆಲ್ಲೋಸಿಸ್‌ನ ಜ್ವರ ವಾರಗಟ್ಟಲೆ ಬಂದು ಹೋಗಿ ಮಾಡುತ್ತೆ, ಏನೆಂದು ಗೊತ್ತಾಗುವಷ್ಟರಲ್ಲಿ ಮಗು ಸೋತಿರುತ್ತೆ. ಹಾಲು ಉಕ್ಕಿ ಬರುವ ತನಕ ಕಾಯಿಸಿ, ಉಗುರು ಬೆಚ್ಚಗಾದ ಮೇಲೆ ಒಂದು ಚಮಚ ಹೆಪ್ಪು ಹಾಕಿ. ಬೆಳಿಗ್ಗೆ ಮಗುವಿಗೆ ಆ ಮೊಸರು ಕೊಡಿ.