ನಮ್ಮ ಗಲ್ಲಿಯಲ್ಲಿ ಗಾಡಿಗಳ ವೇಗ ಜಾಸ್ತಿಯಾಗಿದೆ, ಎರಡೂ ಕಡೆ ಕಾರು ನಿಂತಿರುತ್ತವೆ. ನಿವಾಸಿಗಳು ಏನು ಮಾಡಬಹುದು?

ನಿಮ್ಮ ಪ್ರಶ್ನೆ ಓದುವಾಗ ನಮ್ಮ ಗಲ್ಲಿಯ ಕಥೆಯನ್ನೇ ಯಾರೋ ಬರೆದ ಹಾಗಿತ್ತು. ಬೆಳಗಾವಿಯ ವಡಗಾವಿಯಲ್ಲಿರುವ ನಿಮ್ಮ ಓಣಿ 20 ಅಡಿ ಅಗಲ. ಎರಡೂ ಕಡೆ ಕಾರು ನಿಂತಿರುತ್ತವೆ. ನಡುವೆ ಉಳಿದ ಜಾಗದಲ್ಲಿ ಬೈಕು, ಟಂಟಂ ನುಗ್ಗುತ್ತವೆ. ಮಗಳು ಶಾಲೆಯ ವ್ಯಾನ್ ಹತ್ತಲು ರಸ್ತೆ ದಾಟುವಾಗ ದಿನಾ ಎದೆ ಢವಢವ ಅನ್ನುತ್ತದೆ. ಪಾಲಿಕೆಗೆ ಹೇಳಿ ಒಂದು ಹಂಪ್ ಹಾಕಿಸಿದರೆ ಸಾಕಾ, ಬೇರೆ ದಾರಿ ಇದೆಯಾ ಅಂತ ಕೇಳಿದ್ದೀರಿ.

ಹಂಪ್ ಒಂದರಿಂದ ಆಗುವುದಿಲ್ಲ. ಮೊದಲು ಗಾಡಿ ಹಚ್ಚುವ, ಅಂದರೆ ನಿಲ್ಲಿಸುವ, ರೀತಿ ಸರಿಮಾಡಿಕೊಳ್ಳಿ, ಆಮೇಲೆ ಹಂಪ್ ಕೇಳಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಾನಿರುವುದು ಟಿಳಕವಾಡಿಯಲ್ಲಿ, ಎರಡನೇ ರೈಲ್ವೆ ಗೇಟಿನ ಹತ್ತಿರದ ಒಂದು ಒಳರಸ್ತೆಯಲ್ಲಿ. ಗೇಟ್ ಬೀಳುವುದು ಅಂದರೆ ಏನು ಅಂತ ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗೇಟ್ ಬಿತ್ತು ಅಂದರೆ ಗಾಡಿಗಳ ಸಾಲು ಬೆಳೆಯುತ್ತದೆ. ಕಾಯಲು ಆಗದವರು ಒಳಗಿನ ಗಲ್ಲಿ ಹಿಡಿದು ಇನ್ನೊಂದು ಗೇಟಿನ ಕಡೆ ಓಡುತ್ತಾರೆ. ಆ ಹೊತ್ತಿನಲ್ಲಿ ನಮ್ಮ ರಸ್ತೆಯಲ್ಲಿ ಹೋಗುವವರಿಗೆ ಒಂದೇ ಯೋಚನೆ, ಕಳೆದುಹೋದ ಐದು ನಿಮಿಷ ಹೇಗೆ ವಾಪಸ್ ಪಡೆಯುವುದು. ಹಾಗಾಗಿ ಹೊರಗಿನವರೇ ನಮ್ಮ ಗಲ್ಲಿ ಹಾಳು ಮಾಡುತ್ತಿದ್ದಾರೆ ಅಂತ ನಾವೆಲ್ಲ ಬಹಳ ವರ್ಷ ನಂಬಿದ್ದೆವು.

ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಸಂಜೆ, ಪಕ್ಕದ ಮನೆಯವರ ಮೊಮ್ಮಗ ಚೆಂಡಿನ ಹಿಂದೆ ಓಡಿದ. ಏಳು ವರ್ಷದ ಹುಡುಗ. ನಿಂತಿದ್ದ ಎರಡು ಕಾರುಗಳ ಸಂದಿಯಿಂದ ರಸ್ತೆಗೆ ಬಂದ, ಬೈಕ್ ಬಡಿಯಿತು. ಕಾಲು ಮುರಿಯಿತು. ಬೈಕ್ ಓಡಿಸುತ್ತಿದ್ದವನು ಹಿಂದಿನ ಗಲ್ಲಿಯ 16 ವರ್ಷದ ಹುಡುಗ, ಟ್ಯೂಷನ್‌ಗೆ ಹೊರಟಿದ್ದ. ಅಳುತ್ತಾ ನಿಂತಿದ್ದ. "ಅಕ್ಕಾರ, ಹುಡುಗ ಕಾಣಸಲೇ ಇಲ್ರಿ. ಕಾರಿನ ಸಂದ್ಯಾಗಿಂದ ಒಮ್ಮೆಲೆ ಬಂದ" ಅಂತ ಒಂದೇ ಮಾತು ಹೇಳುತ್ತಿದ್ದ.

ಆ ಎರಡು ಕಾರುಗಳಲ್ಲಿ ಒಂದು ನನ್ನದು. ನಮ್ಮ ಮನೆಯ ಗೇಟಿನೊಳಗೆ ಜಾಗ ಇತ್ತು. ಗೇಟ್ ತೆಗೆದು ಹಾಕುವ ಬೇಸರಕ್ಕೆ ಹೊರಗೇ ನಿಲ್ಲಿಸಿದ್ದೆ. ಏಳು ವರ್ಷದ ಮಗು ಕಾರಿನ ಹಿಂದೆ ನಿಂತರೆ ತಲೆಯೂ ಸರಿಯಾಗಿ ಕಾಣುವುದಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನದಿಂದ ಕಾರು ಒಳಗೇ ಇದೆ. ಈ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿದು ಕೂತಿದ್ದಕ್ಕೆ ಆ ಸಂಜೆಯೇ ಕಾರಣ.

ವೇಗ ಬೇರೆ ಸಮಸ್ಯೆ, ಪಾರ್ಕಿಂಗ್ ಬೇರೆ ಸಮಸ್ಯೆ ಅಂತ ನೋಡಬೇಡಿ. ಲೆಕ್ಕ ಹಾಕಿ. ಕಣ್ಣಿಗೆ ಮಗು ಕಂಡ ಮೇಲೆ ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳೋಣ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿದ್ದರೆ ಆ ಒಂದು ಸೆಕೆಂಡಿನಲ್ಲೇ ಗಾಡಿ 8 ಮೀಟರ್ ಮುಂದೆ ಹೋಗಿರುತ್ತದೆ. ರಸ್ತೆ ಒಣಗಿದ್ದರೆ, ಬ್ರೇಕ್ ಚೆನ್ನಾಗಿದ್ದರೆ, ಇನ್ನು 5 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು 13. ಅದೇ 60ರಲ್ಲಿ ಇದ್ದರೆ ಮೊದಲ ಸೆಕೆಂಡಿಗೇ 17 ಮೀಟರ್, ಬ್ರೇಕ್ ಒತ್ತಿದ ಮೇಲೆ ಇನ್ನು 20. ವೇಗ ಎರಡು ಪಟ್ಟಾದರೆ ಬ್ರೇಕಿಗೆ ಬೇಕಾದ ದೂರ ನಾಲ್ಕು ಪಟ್ಟು. ನಮ್ಮ ಮಳೆಗಾಲದಲ್ಲಿ ರಸ್ತೆ ತಿಂಗಳುಗಟ್ಟಲೆ ಒದ್ದೆ ಇರುತ್ತದೆ, ಆಗ ಇನ್ನೂ ಜಾಸ್ತಿ. ಕಾರಿನ ಸಂದಿಯಿಂದ ಬರುವ ಮಗು ಮೂರು ನಾಲ್ಕು ಮೀಟರ್ ಹತ್ತಿರ ಬಂದಾಗಲೇ ಕಾಣುತ್ತದೆ ಅಲ್ವಾ? ಆಗ 30 ಕೂಡ ಜಾಸ್ತಿಯೇ. ಜನರೂ ಗಾಡಿಗಳೂ ಬೆರೆಯುವ ರಸ್ತೆಯಲ್ಲಿ 30 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈಗ ನೀವು ಮಾಡಬೇಕಾದ ಮೊದಲ ಕೆಲಸ ವೇಗ ಅಳೆಯುವುದು. "ಬಹಳ ಜೋರಾಗಿ ಹೋಗುತ್ತಾರೆ ಸರ್" ಅಂತ ಕಚೇರಿಗೆ ಹೋಗಿ ಹೇಳಿದರೆ ತಲೆ ಆಡಿಸಿ ಕಳಿಸುತ್ತಾರೆ. ನಾವು ಹಾಗೆ ಎರಡು ಸಲ ಬಂದೆವು. ಮೂರನೇ ಸಲ ಲೆಕ್ಕ ಹಿಡಿದುಕೊಂಡು ಹೋದೆವು. ಇದಕ್ಕೆ ಯಾವ ಯಂತ್ರವೂ ಬೇಡ. ಟೇಪ್ ಹಿಡಿದು ರಸ್ತೆಯಲ್ಲಿ 50 ಮೀಟರ್ ಅಳೆಯಿರಿ, ಎರಡೂ ತುದಿಗೆ ಸುಣ್ಣದ ಗೆರೆ ಎಳೆಯಿರಿ. ಒಬ್ಬರು ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಲಿ, ಒಬ್ಬರು ಬರೆಯಲಿ. ಆ ದೂರವನ್ನು 6 ಸೆಕೆಂಡಿನಲ್ಲಿ ದಾಟಿದರೆ ವೇಗ 30. 5 ಸೆಕೆಂಡ್ ಆದರೆ 36. 4 ಆದರೆ 45. 3 ಸೆಕೆಂಡಿನಲ್ಲಿ ದಾಟಿದ ಗಾಡಿ 60ರಲ್ಲಿದೆ. ಕಟ್ಟೆಯ ಮೇಲೆ ಸುಮ್ನೆ ಕೂತವರ ಹಾಗೆ ಕೂತು ಅಳೆಯಿರಿ, ಇಲ್ಲದಿದ್ದರೆ ಜನ ನಿಮ್ಮನ್ನು ನೋಡಿಯೇ ನಿಧಾನ ಮಾಡುತ್ತಾರೆ. ಶಾಲೆಯ ಹೊತ್ತು, ಸಂಜೆ, ರಾತ್ರಿ ಊಟದ ನಂತರ, ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ಒಂದು ವಾರ ಮಾಡಿ. ಯಾವ ಗಾಡಿ ಅನ್ನುವುದನ್ನೂ ಬರೆಯಿರಿ.

ನಮ್ಮ ಲೆಕ್ಕ ನಮಗೇ ಕಹಿ ಅನ್ನಿಸಿತು. ಗೇಟ್ ಬಿದ್ದಾಗ ನುಗ್ಗುವ ಹೊರಗಿನವರು ಇದ್ದರು, ನಿಜ. ಆದರೆ 3 ಸೆಕೆಂಡಿನವರಲ್ಲಿ ಹೆಚ್ಚಿನವರು ಮುಖ ಗೊತ್ತಿದ್ದವರೇ. ನಮ್ಮ ಮಕ್ಕಳು, ಹಿಂದಿನ ಗಲ್ಲಿಯವರು, ದಿನಾ ಹಾಲು ಮತ್ತು ಸಿಲಿಂಡರ್ ತರುವವರು. ಬೇಸರದ ನಡುವೆಯೂ ಒಂದು ಸಮಾಧಾನ ಇತ್ತು. ಗೊತ್ತಿರುವವರ ಹತ್ತಿರ ಮಾತಾಡಬಹುದು.

ಗಣಪತಿ ಮಂಡಳದ ಹುಡುಗರಿಗೆ ಹೇಳಿ ಒಂದು ಭಾನುವಾರ ಎಲ್ಲರನ್ನೂ ಕೂಡಿಸಿದೆವು. ಸಹಿ ಪತ್ರ ಹಿಡಿದು ಮನೆಮನೆ ತಿರುಗುವುದಕ್ಕಿಂತ ಇದು ಎಷ್ಟೋ ವಾಸಿ. ಬೆಳಗಾವಿಯಲ್ಲಿ ಯಾವ ಗಲ್ಲಿಯೇ ಆಗಲಿ, ಕನ್ನಡದವರು, ಮರಾಠಿಯವರು ಅಂತ ನೋಡದೆ ಎಲ್ಲರ ಮನೆಗೂ ಹೋಗಿ ಬರುವ ಹುಡುಗರು ಇದ್ದರೆ ಅದು ಮಂಡಳದವರೇ. ಅವರು ಮನಸ್ಸು ಮಾಡಿದರೆ ಕೆಲಸ ಆಗುತ್ತದೆ.

ಗಲಾಟೆ ಆಗಿದ್ದು ಪಾರ್ಕಿಂಗ್ ವಿಷಯಕ್ಕೆ. ಮನೆ ಮುಂದೆ ಹೂಕುಂಡ, ಕಲ್ಲು ಇಟ್ಟು ಜಾಗ ಹಿಡಿದಿದ್ದ ಹಿರಿಯರೊಬ್ಬರು ಎದ್ದು ನಿಂತು, "ನಮ್ಮ ಮನಿ ಮುಂದಿನ ಜಾಗಾ ನಮ್ಮದ ಐತಿ, ನಾ ಯಾಕ ಬಿಡ್ಲಿ?" ಅಂದರು. ನಾನು ಹೇಳಿದೆ: "ಕಾಕಾ, ನಿಮ್ಮ ಗೇಟಿನ ಮುಂದ ಯಾರೂ ಗಾಡಿ ಹಚ್ಚಂಗಿಲ್ಲ, ಅದು ಖರೆ. ಉಳದ ಜಾಗಾ ಪಾಲಿಕೆದು, ಎಲ್ಲಾರದು." ಕಾನೂನೂ ಅದನ್ನೇ ಹೇಳುತ್ತದೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಯಾರದೇ ಮನೆಯ ಬಾಗಿಲಿಗೆ ಅಡ್ಡ, ಫುಟ್‌ಪಾತ್ ಮೇಲೆ, ರಸ್ತೆಗಳು ಕೂಡುವ ಕಡೆ ಗಾಡಿ ನಿಲ್ಲಿಸುವಂತಿಲ್ಲ. ಆದರೆ ಕಾಕಾ ಒಪ್ಪಿದ್ದು ಕಾನೂನು ಕೇಳಿ ಅಲ್ಲ. ಅಗಲದ ಲೆಕ್ಕ ಕೇಳಿ ಒಪ್ಪಿದರು. ಒಂದು ಕಾರು ಸುಮಾರು ಐದೂವರೆ ಅಡಿ ಅಗಲ. ಗಟಾರ ಬಿಟ್ಟು ನಿಲ್ಲಿಸಿದರೆ 6 ಅಡಿ ಹಿಡಿಯುತ್ತದೆ. ಎರಡೂ ಕಡೆ ಸೇರಿ 12 ಹೋದರೆ 20 ಅಡಿ ರಸ್ತೆಯಲ್ಲಿ ಉಳಿಯುವುದು 8. ಅಗ್ನಿಶಾಮಕದ ದೊಡ್ಡ ಗಾಡಿಯ ಅಗಲವೇ 8 ಅಡಿಯ ಆಸುಪಾಸು. ಅದು ಒಳಗೆ ಬರುವುದೇ ಇಲ್ಲ. ಅವರ ಮನೆಯಲ್ಲಿ ಹಾಸಿಗೆ ಹಿಡಿದ ವಯಸ್ಸಾದ ತಾಯಿ ಇದ್ದರು. ಆಂಬುಲೆನ್ಸ್ ತಡಕಾಡಿಕೊಂಡು ಬರುವುದನ್ನು ಅವರು ಒಮ್ಮೆ ನೋಡಿದ್ದರು. ಮರುದಿನ ಕುಂಡಗಳು ಒಳಗೆ ಹೋದವು.

ಮುಂದೆ ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಎಲ್ಲರೂ ಒಂದೇ ಬದಿಗೆ ಗಾಡಿ ಹಚ್ಚುವುದು ಅಂತ ತೀರ್ಮಾನ ಮಾಡಿದೆವು. ನೋಡಲು ಚೆಂದ ಆಯಿತು. ಒಂದು ಸಾಲು ಕಾರು, ಪಕ್ಕದಲ್ಲಿ 14 ಅಡಿ ಖಾಲಿ ರಸ್ತೆ, ಆಚೆ ತುದಿಯವರೆಗೂ ನೇರ. ಮತ್ತೆ ಅಳೆದು ನೋಡಿದರೆ ವೇಗ ಮೊದಲಿಗಿಂತ ಜಾಸ್ತಿ ಆಗಿತ್ತು! ಮುಂದೆ ದಾರಿ ಖಾಲಿ ಕಂಡರೆ ಕೈ ತಾನಾಗಿಯೇ ಆಕ್ಸಿಲರೇಟರ್ ತಿರುವುತ್ತದೆ. ಸಂದಿಗಳು ಕಡಿಮೆಯಾದವು, ಒಂದು ಕಡೆಯಾದರೂ ಮಕ್ಕಳು ಕಾಣುತ್ತಿದ್ದರು, ಅದು ಒಳ್ಳೆಯದೇ. ಆದರೆ ವೇಗ ಏರಿತು.

ಆಮೇಲೆ ಬದಲಾಯಿಸಿದೆವು. ಗಲ್ಲಿಯ ಅರ್ಧದವರೆಗೆ ಎಡಬದಿ, ಅಲ್ಲಿಂದ ಮುಂದೆ ಬಲಬದಿ. ನಡುವೆ ಬದಿ ಬದಲಾಗುವ ಕಡೆ ಎರಡು ಕಾರಿನ ಉದ್ದದಷ್ಟು ಜಾಗ ಎರಡೂ ಕಡೆ ಖಾಲಿ. ಈಗ ಬರುವವನಿಗೆ ರಸ್ತೆ ನೇರ ಕಾಣುವುದಿಲ್ಲ. ನಡುವೆ ಹಾವಿನ ಹಾಗೆ ಒಂದು ಸುತ್ತು ತಿರುಗಿಯೇ ಹೋಗಬೇಕು, ಅಲ್ಲಿ ನಿಧಾನ ಮಾಡಲೇಬೇಕು. ಖಾಲಿ ಜಾಗದಲ್ಲಿ ಮಕ್ಕಳು, ವಯಸ್ಸಾದವರು ದಾಟುತ್ತಾರೆ, ಅವರು ದೂರದಿಂದಲೇ ಕಾಣುತ್ತಾರೆ. ಇದಕ್ಕೆ ಖರ್ಚಾಗಿದ್ದು ಬಿಳಿ ಬಣ್ಣದ ಒಂದು ಡಬ್ಬಿ. ಇದೇನೂ ನಾವು ಕಂಡುಹಿಡಿದದ್ದಲ್ಲ, ವಾಹನ ನಿಧಾನ ಮಾಡಿಸಲು ಬೇರೆ ದೇಶಗಳಲ್ಲೂ ಮಾಡುವ ಉಪಾಯ. ಮಳೆಗಾಲ ಮುಗಿದ ಮೇಲೆ ಬಣ್ಣ ಹೊಡೆಯಿರಿ. ಜೂನ್‌ಗೆ ಮುಂಚೆ ಹೊಡೆದರೆ ಗಣಪತಿ ಹಬ್ಬದ ಹೊತ್ತಿಗೆ ಅಳಿಸಿ ಹೋಗಿರುತ್ತದೆ. ರಸ್ತೆಯ ಎರಡೂ ತುದಿಯ ಮೂಲೆಗಳಲ್ಲಿ ಮಾತ್ರ ಯಾವ ಕಾರಣಕ್ಕೂ ಗಾಡಿ ನಿಲ್ಲಬಾರದು. ಅಲ್ಲಿ ಒಂದು ಕಾರು ನಿಂತರೂ ತಿರುಗಿ ಬರುವವನಿಗೆ ಏನೂ ಕಾಣುವುದಿಲ್ಲ.

ಹಂಪ್ ವಿಷಯ. ನಮ್ಮಲ್ಲೂ ಕೆಲವರು ಸಿಟ್ಟಿಗೆದ್ದು ರಾತ್ರೋರಾತ್ರಿ ಕಾಂಕ್ರೀಟ್ ದಿಬ್ಬ ಕಟ್ಟಿದ್ದರು. ಒಂದೂವರೆ ಅಡಿ ಅಗಲ, ಅರ್ಧ ಅಡಿ ಎತ್ತರ, ಬಣ್ಣ ಇಲ್ಲ, ಬೋರ್ಡ್ ಇಲ್ಲ. ಮೂರನೇ ದಿನ ನಸುಕಿನಲ್ಲಿ ಹಾಲಿನವನು ಬಿದ್ದ, ಕ್ಯಾನು ಸಮೇತ. ಗರ್ಭಿಣಿಯೊಬ್ಬರು ಆಟೋದಿಂದ ಇಳಿದು ಆ ದಿಬ್ಬ ದಾಟಿ ಮತ್ತೆ ಹತ್ತುತ್ತಿದ್ದರು. ನಾವೇ ಒಡೆಸಿದೆವು. ರಸ್ತೆಗಳ ಅಳತೆ, ಮಾನದಂಡ ಗೊತ್ತುಮಾಡುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ ಬೇರೆಯೇ ತರಹದ್ದು. ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, ಗುಂಡಗೆ ಏರಿ ಗುಂಡಗೆ ಇಳಿಯುತ್ತದೆ. 25 ಕಿಲೋಮೀಟರ್ ವೇಗದಲ್ಲಿ ಬಂದವನಿಗೆ ತೊಂದರೆ ಆಗುವುದಿಲ್ಲ, ಅದಕ್ಕಿಂತ ಜೋರಾಗಿ ಬಂದವನಿಗೆ ಕುಲುಕುತ್ತದೆ. ಮೇಲೆ ಬಣ್ಣದ ಪಟ್ಟಿ, 40 ಮೀಟರ್ ಮೊದಲೇ ಎಚ್ಚರಿಕೆಯ ಬೋರ್ಡ್. ಅರ್ಜಿಯಲ್ಲಿ ಈ ಅಳತೆಗಳನ್ನೇ ಬರೆಯಿರಿ.

ಅರ್ಜಿ ಎರಡು ಕಡೆ ಕೊಡಬೇಕು. ಹಂಪ್, ಬಣ್ಣ, ಬೋರ್ಡ್ ಪಾಲಿಕೆಯ ಕೆಲಸ. ವೇಗದ ಮಿತಿ, ಪಾರ್ಕಿಂಗ್ ಬದಿ ಗೊತ್ತುಮಾಡುವುದು ಪೊಲೀಸರ ಕೆಲಸ. ಬೆಳಗಾವಿಗೆ ಪೊಲೀಸ್ ಕಮಿಷನರೇಟ್ ಇದೆ, ಹಾಗಾಗಿ ಸಂಚಾರ ಠಾಣೆಯ ಮೂಲಕ ಕಮಿಷನರ್‌ಗೆ ಬರೆಯಿರಿ. ಬಾಗಲಕೋಟೆ, ವಿಜಯಪುರದವರು ಇದನ್ನು ಓದುತ್ತಿದ್ದರೆ ನಿಮ್ಮಲ್ಲಿ ಜಿಲ್ಲಾಧಿಕಾರಿಗೆ. ಮೋಟಾರು ವಾಹನ ಕಾಯ್ದೆ 1988ರಲ್ಲಿ ವೇಗಕ್ಕೆ 112ನೇ ಕಲಂ, ಬೋರ್ಡ್‌ಗೆ 116, ಪಾರ್ಕಿಂಗ್ ಜಾಗಕ್ಕೆ 117 ಇವೆ. ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ಮಿತಿ ಊರೊಳಗಿನ ರಸ್ತೆಗಳಲ್ಲಿ ಕಾರಿಗೆ 70, ಬೈಕಿಗೆ 60. ನಿಮ್ಮ ಓಣಿಗೆ ಕಡಿಮೆ ಮಿತಿ ಹೇಳಿ ಬೋರ್ಡ್ ಹಾಕದಿದ್ದರೆ, ಅಲ್ಲಿ 55ರಲ್ಲಿ ಹೋದವನ ಮೇಲೆ ವೇಗದ ಕೇಸು ನಿಲ್ಲುವುದು ಕಷ್ಟ. ಅದಕ್ಕೇ ಬೋರ್ಡ್ ಬೇಕು. ಜೊತೆಗೆ ನೀವು ಅಳೆದ ಪಟ್ಟಿ, ರಸ್ತೆಯ ಕೈನಕ್ಷೆ, ಫೋಟೋ ಇಡಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಉತ್ತರ ಬರದಿದ್ದರೆ ರಾಜ್ಯ ಸರ್ಕಾರದ ದೂರಿನ ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಇಲ್ಲವೇ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಆ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ನಮ್ಮ ಹಂಪ್ ಬರಲು ಹನ್ನೊಂದು ತಿಂಗಳು ಹಿಡಿಯಿತು. ಬೋರ್ಡ್‌ಗೆ ಇನ್ನೂ ಓಡಾಡುತ್ತಿದ್ದೇವೆ.

ಸಣ್ಣ ಹುಡುಗರ ಬೈಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 18 ತುಂಬದ ಮಗ ಬೈಕ್ ಓಡಿಸಿ ಸಿಕ್ಕಿಬಿದ್ದರೆ ತಂದೆಗೋ ಗಾಡಿಯ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಬೈದು ಹೇಳಬೇಡಿ, ಮನೆಗೆ ಹೋಗಿ ಚಹಾ ಕುಡಿಯುತ್ತಾ ಹೇಳಿ. ಆ ಟ್ಯೂಷನ್ ಹುಡುಗನ ತಾಯಿ ಮರುದಿನವೇ ಬೈಕಿನ ಕೀಲಿ ತೆಗೆದಿಟ್ಟರು. ಈಗ ಅವನು ಸೈಕಲ್ ಮೇಲೆ ಹೋಗುತ್ತಾನೆ, ನನ್ನನ್ನು ಕಂಡರೆ ನಿಂತು ಮಾತಾಡಿಸುತ್ತಾನೆ.

ಇದೆಲ್ಲ ಆಗಲು ನಿಮಗೆ ತಿಂಗಳುಗಳು ಬೇಕು, ಮಗಳು ರಸ್ತೆ ದಾಟುವುದು ನಾಳೆ ಬೆಳಿಗ್ಗೆ. ಹಾಗಾಗಿ ಇವತ್ತೇ ವ್ಯಾನ್ ಚಾಲಕರಿಗೆ ಫೋನ್ ಮಾಡಿ. ಓಣಿಯ ಇನ್ನೊಂದು ತುದಿಯಿಂದ ಒಳಗೆ ಬಂದರೆ ವ್ಯಾನ್ ನಿಮ್ಮ ಮನೆಯ ಬದಿಗೇ ನಿಲ್ಲುತ್ತದೆ, ಅವಳು ದಾಟುವ ಪ್ರಸಂಗವೇ ಬರುವುದಿಲ್ಲ. ನಮ್ಮ ಗಲ್ಲಿಗೆ ಬರುವ ಇಬ್ಬರು ಚಾಲಕರು ಕೇಳಿದ ದಿನವೇ ಒಪ್ಪಿದರು. ಅವರಿಗೂ ಮಕ್ಕಳಿದ್ದಾರೆ. ವೇಗ ಅಳೆಯುವಾಗ ಏನಾದರೂ ತೊಡಕಾದರೆ ಇಲ್ಲೇ ಕೆಳಗೆ ಬರೆಯಿರಿ, ಉತ್ತರಿಸುತ್ತೇನೆ.