ಓದುಗರ ಪ್ರಶ್ನೆ: ಹಳ್ಳಿಯ ಯುವಕ ಯುವತಿಯರಿಗೆ ಉದ್ಯಮ ಕಲಿಸುವುದು ಹೇಗೆ?

ಪ್ರಶ್ನೆ: ಶಾಲೆ ಮುಗಿಸಿದ ಹದಿನೈದು ಹುಡುಗ ಹುಡುಗಿಯರಿಗೆ ಸ್ವಂತ ಉದ್ಯಮ ನಡೆಸುವುದನ್ನು ಕಲಿಸಬೇಕೆಂದಿದ್ದೇವೆ. ಮೊದಲು ಯೋಜನಾ ವರದಿ ಬರೆಸಬೇಕೇ?

ಉತ್ತರ: ಬೇಡ. ಸಾಲ ಕೇಳಲು ಹೋಗುವಾಗ ವರದಿ ಬೇಕಾಗುತ್ತದೆ. ಈಗಿನ್ನೂ ಕಲಿಯುತ್ತಿರುವವರು ಅದರಲ್ಲಿ ಊಹೆಯ ಅಂಕಿಗಳನ್ನೇ ತುಂಬುತ್ತಾರೆ. ಮೂರು ಜನರಂತೆ ಐದು ಗುಂಪು ಮಾಡಿ. ಪ್ರತಿ ಗುಂಪೂ ಇಪ್ಪತ್ತು ಮನೆಗಳಿಗೆ ಹೋಗಿ ಬರಲಿ. ಹಣ ಕೊಟ್ಟು ಹೊರಗಿನಿಂದ ಏನೇನು ತರುತ್ತಾರೆ, ಊರಲ್ಲಿ ಬೆಳೆದದ್ದರಲ್ಲಿ ಯಾವುದು ಒಣಗಿಸದೆ, ವಿಂಗಡಿಸದೆ ಹಾಗೇ ಹೊರಗೆ ಹೋಗುತ್ತದೆ, ಕೆಟ್ಟು ಮೂಲೆ ಸೇರಿದ ಯಾವ ಸಾಮಾನು ರಿಪೇರಿಗೆ ಕಾದಿದೆ ಎಂಬುದನ್ನು ಬರೆದುಕೊಳ್ಳಲಿ.

ಕೇಳುವ ರೀತಿಯನ್ನೂ ಮೊದಲೇ ಅಭ್ಯಾಸ ಮಾಡಿಸಿ. ‘ನಾವು ಇದನ್ನು ಮಾಡಿದರೆ ಕೊಳ್ಳುತ್ತೀರಾ?’ ಎಂದರೆ ಮಕ್ಕಳ ಮನಸ್ಸು ನೋಯಿಸಬಾರದೆಂದು ಎಲ್ಲರೂ ಹೂಂ ಅನ್ನುತ್ತಾರೆ. ಆ ಹೂಂ ನಂಬಿ ಮಾಲು ತಯಾರಿಸಿದವರ ಹತ್ತಿರ ಮಾಲು ಹಾಗೇ ಉಳಿಯುತ್ತದೆ. ‘ಇದನ್ನು ಕೊನೆಯ ಸಲ ಯಾವಾಗ ತಂದಿರಿ, ಎಲ್ಲಿಂದ, ಎಷ್ಟು ಕೊಟ್ಟಿರಿ, ಅದರಲ್ಲಿ ಏನು ಸರಿಬರಲಿಲ್ಲ?’ ಎಂದು ಕೇಳಬೇಕು. ನಡೆದುಹೋದ ಖರೀದಿಯ ಬಗ್ಗೆ ಯಾರೂ ದಾಕ್ಷಿಣ್ಯಕ್ಕೆ ಉತ್ತರಿಸುವುದಿಲ್ಲ. ಮುಂಗಡ ಕೊಡಲು ನಾಲ್ಕೈದು ಜನ ಮುಂದೆ ಬಂದರಂತೂ ಬೇಡಿಕೆ ಇದೆಯೆಂದೇ ಅರ್ಥ.

ಪ್ರಶ್ನೆ: ನಮ್ಮ ಗುಂಪು ಸಸಿ ಬೆಳೆಸಿ ಮಾರಿತು. ಎಲ್ಲ ಸಸಿಗಳೂ ಮಾರಾಟವಾದವು, ಅಸಲಿನ ಮೇಲೆ ಶೇ. 40 ಲಾಭವನ್ನೂ ಇಟ್ಟಿದ್ದೆವು. ಆದರೂ ಕೈಯಲ್ಲಿ ಹಣ ಉಳಿದಿಲ್ಲ. ಎಲ್ಲಿ ತಪ್ಪಿದೆವು?

ಉತ್ತರ: ಬಹುಶಃ ಅಸಲು ಲೆಕ್ಕ ಹಾಕಿದ್ದರಲ್ಲೇ. 200 ಚೀಲ ತುಂಬಿ ಬೀಜ ಹಾಕಿದಿರಿ ಎನ್ನೋಣ. ಅದರಲ್ಲಿ 150 ಮೊಳೆಯುತ್ತವೆ, ಬಾಡಿದ್ದು, ಸೊಟ್ಟಗಾದದ್ದು ತೆಗೆದರೆ ಮಾರುವಂಥವು 120 ಉಳಿಯುತ್ತವೆ. ಒಟ್ಟು ಖರ್ಚನ್ನು 200ರಿಂದ ಭಾಗಿಸಿ ದರ ಕಟ್ಟಿದ್ದರೆ ಅದು ಚೀಲದ ಅಸಲಾಯಿತೇ ಹೊರತು ಸಸಿಯದ್ದಲ್ಲ. 120ರಿಂದ ಭಾಗಿಸಿದರೆ ಪ್ರತಿ ಸಸಿಯ ಅಸಲು ಸುಮಾರು ಶೇ. 67ರಷ್ಟು ಏರುತ್ತದೆ. ಅಲ್ಲಿಗೆ ನೀವು ಶೇ. 40 ಲಾಭವೆಂದುಕೊಂಡ ದರದಲ್ಲಿ ಖರ್ಚು ಮಾಡಿದ ಪ್ರತಿ 100 ರೂಪಾಯಿಗೆ 16 ರೂಪಾಯಿ ನಷ್ಟವಾಗಿದೆ. ಸೋಪಾಗಲಿ, ಕೋಳಿಮರಿಯಾಗಲಿ, ಹೊಲಿದ ಚೀಲವಾಗಲಿ, ಭಾಗಿಸಬೇಕಾದದ್ದು ಮಾರಲು ಸಿಕ್ಕ ಸಂಖ್ಯೆಯಿಂದಲೇ.

ಇನ್ನೆರಡು ಬಾಬತ್ತು ಸಾಮಾನ್ಯವಾಗಿ ಬಿಟ್ಟುಹೋಗುತ್ತವೆ. ಒಂದು, ತಮ್ಮದೇ ದುಡಿಮೆಯ ಕೂಲಿ. ಮನೆಯ ಗೊಬ್ಬರ, ಮನೆಯ ನೀರು, ಅಮ್ಮನ ಸಹಾಯ ಇವೆಲ್ಲ ಪುಕ್ಕಟೆ ಎಂದು ಬಿಟ್ಟರೆ ಕೆಲಸ ಹೆಚ್ಚಾಗಿ ಕೂಲಿಯವರನ್ನು ಕರೆದ ದಿನವೇ ನಷ್ಟ ಶುರುವಾಗುತ್ತದೆ. ಇನ್ನೊಂದು, ಸಾಮಾನಿನ ಸವಕಳಿ. ನೀರಿನ ಕ್ಯಾನು ನಾಲ್ಕು ಹಂಗಾಮು ಬಾಳಿಕೆ ಬರುವುದಾದರೆ ಅದರ ಬೆಲೆಯ ನಾಲ್ಕನೇ ಒಂದು ಪಾಲನ್ನು ಪ್ರತಿ ಹಂಗಾಮಿನ ಖರ್ಚಿಗೆ ಸೇರಿಸಿ.

ರಿಯಾಯಿತಿಯ ಲೆಕ್ಕವನ್ನೂ ಕೈಯಾರೆ ಮಾಡಿಸಿ. ಅಸಲು 100, ದರ 125. ಲಾಭ ಶೇ. 25 ಎಂದುಕೊಂಡವರು ‘ಶೇ. 20 ಬಿಟ್ಟರೂ 5 ಉಳಿಯುತ್ತದೆ’ ಎನ್ನುತ್ತಾರೆ. 125ರ ಶೇ. 20 ಎಂದರೆ 25. ಏನೂ ಉಳಿಯುವುದಿಲ್ಲ! ಒಬ್ಬೊಬ್ಬರೂ ಕಾಗದದ ಮೇಲೆ ಇದನ್ನು ಮಾಡಿ ನೋಡುವ ತನಕ ಮುಂದಿನ ಪಾಠಕ್ಕೆ ಹೋಗಬೇಡಿ.

ಪ್ರಶ್ನೆ: ರೋಕಡ ಪುಸ್ತಕ, ಖಾತೆ ಪುಸ್ತಕ ಎಲ್ಲ ಕಲಿಸಿದೆವು. ಎರಡು ವಾರ ಬರೆದು ಬಿಟ್ಟುಬಿಟ್ಟರು.

ಉತ್ತರ: ಅವರನ್ನು ಬೈಯಬೇಡಿ, ಪಾಠವನ್ನು ಸರಳ ಮಾಡಿ. ಡೊಮಿನಿಕನ್ ಗಣರಾಜ್ಯದ ಸಣ್ಣ ವ್ಯಾಪಾರಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆಲವರಿಗೆ ಪೂರ್ತಿ ಲೆಕ್ಕಶಾಸ್ತ್ರ, ಇನ್ನು ಕೆಲವರಿಗೆ ಮನೆಯ ಹಣ ಮತ್ತು ವ್ಯಾಪಾರದ ಹಣವನ್ನು ಬೇರೆ ಇಡುವಂಥ ಸುಲಭ ಸೂತ್ರಗಳನ್ನು ಕಲಿಸಿದರು. ಹಣ ನಿಭಾಯಿಸುವ ರೀತಿ ಸುಧಾರಿಸಿದ್ದು ಸುಲಭ ಸೂತ್ರ ಕಲಿತವರಲ್ಲಿ.

ಎರಡು ಡಬ್ಬಿ ಸಾಕು. ಮಾರಾಟದ ಹಣವೆಲ್ಲ ಮೊದಲ ಡಬ್ಬಿಗೆ. ವಾರಕ್ಕೊಮ್ಮೆ, ಗೊತ್ತುಮಾಡಿದ ದಿನ, ಗೊತ್ತುಮಾಡಿದ ಕೂಲಿಯನ್ನು ಮಾತ್ರ ಎರಡನೆಯದಕ್ಕೆ ಹಾಕಬೇಕು. ಮನೆಯ ಖರ್ಚಿಗೆ ಎರಡನೆಯದರಿಂದಷ್ಟೇ ತೆಗೆಯಬೇಕು. ಪುಸ್ತಕದಲ್ಲಿ ತಾರೀಖು, ಬಂದದ್ದು, ಹೋದದ್ದು, ಉಳಿದದ್ದು ಎಂದು ನಾಲ್ಕು ಕಾಲಮ್ಮು. ‘ಉಳಿದದ್ದು’ ಸಂಜೆ ಮೊದಲ ಡಬ್ಬಿಯ ಹಣಕ್ಕೆ ತಾಳೆಯಾಗಬೇಕು, ಆಗದಿದ್ದರೆ ಅವತ್ತೇ ಹುಡುಕಬೇಕು. ಮೂರು ದಿನ ಬಿಟ್ಟರೆ ಯಾರಿಗೂ ನೆನಪಿರುವುದಿಲ್ಲ.

ಪ್ರಶ್ನೆ: ಹಳ್ಳಿಯಲ್ಲಿ ಉದ್ರಿ ಕೊಡದೆ ವ್ಯಾಪಾರ ಸಾಧ್ಯವೇ?

ಉತ್ತರ: ಪೂರ್ತಿ ನಿಲ್ಲಿಸುವುದು ಕಷ್ಟ, ಮಿತಿ ಇಡುವುದು ಸಾಧ್ಯ. ಮುಂದಿನ ಸಲ ಮಾಲು ತರಲು ಬೇಕಾದ ಹಣವನ್ನು ಮೊದಲು ಎತ್ತಿಡಿ, ಉಳಿದದ್ದರಲ್ಲಿ ಮಾತ್ರ ಉದ್ರಿ. ಹಳೆಯ ಬಾಕಿ ತೀರದೆ ಹೊಸದಿಲ್ಲ. ನೆಂಟರಿಗೆ ಇಲ್ಲವೆನ್ನುವುದು ಚಿಕ್ಕವರಿಗೆ ತುಂಬ ಮುಜುಗರದ ಕೆಲಸ. ಅದಕ್ಕೇ ಇದು ಗುಂಪಿನ ನಿಯಮವಾಗಿರಲಿ, ‘ನನ್ನ ಕೈಯಲ್ಲಿಲ್ಲ, ಗುಂಪು ಒಪ್ಪುವುದಿಲ್ಲ’ ಎನ್ನುವುದು ಅವರಿಗೆ ಸುಲಭ. ಕೃಷಿಯನ್ನೇ ನಂಬಿದ ಊರಲ್ಲಿ ಕೊಯ್ಲಿನ ನಂತರ ಕೈಯಲ್ಲಿ ಹಣ ಓಡಾಡುತ್ತದೆ, ಬಿತ್ತನೆ ಹೊತ್ತಿಗೆ ಬರಿದಾಗುತ್ತದೆ. ಹನ್ನೆರಡು ತಿಂಗಳ ಪಟ್ಟಿ ಮಾಡಿ ಗಿರಾಕಿಗಳ ಕೈಗೆ ಹಣ ಬರುವ ತಿಂಗಳುಗಳನ್ನು ಗುರುತು ಹಾಕಿಸಿ. ಎಷ್ಟು ಮಾಲು, ಯಾವಾಗ ಎನ್ನುವುದು ಅದರಿಂದಲೇ ತಿಳಿಯುತ್ತದೆ.

ಪ್ರಶ್ನೆ: ಒಬ್ಬರು ಹೊಲಿಗೆ ಯಂತ್ರ ಇಟ್ಟರೆ ಐದು ಜನ ಅದನ್ನೇ ಇಡುತ್ತಾರೆ. ಏನು ಹೇಳಬೇಕು?

ಉತ್ತರ: ಆ ಯಂತ್ರಗಳ ಸುತ್ತ ಇರುವ ಕೆಲಸ ತೋರಿಸಿ: ಯಂತ್ರ ರಿಪೇರಿ, ದಾರ ಗುಂಡಿಗಳ ಸರಬರಾಜು, ಕಾಜಾ ಹಾಕುವುದು, ಹೊಲಿದದ್ದನ್ನು ಸಂತೆಗೆ ಒಯ್ಯುವುದು.

ಇದಕ್ಕೆ ಬೇಕಾದದ್ದು ತಾನಾಗಿ ಮುಂದೆ ಬೀಳುವ ಗುಣ. ಅದನ್ನು ಕಲಿಸಬಹುದು. ಟೋಗೋ ದೇಶದಲ್ಲಿ 1,500 ಸಣ್ಣ ಉದ್ಯಮಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಗುಣದ ತರಬೇತಿ ಪಡೆದವರ ಲಾಭ ಶೇ. 30ರಷ್ಟು ಏರಿತು. ಮಾಮೂಲಿ ವ್ಯಾಪಾರ ತರಬೇತಿ ಪಡೆದವರಲ್ಲಿ ಖಚಿತವಾಗಿ ಹೇಳುವಂಥ ಏರಿಕೆ ಕಾಣಲಿಲ್ಲ. ನಿಮ್ಮ ತರಗತಿಯಲ್ಲಿ ಪ್ರತಿ ವಾರ ಒಬ್ಬೊಬ್ಬರೂ ಮೂರು ಉತ್ತರ ಬರೆಯಲಿ: ಗಿರಾಕಿ ಕೇಳಿದ ಯಾವುದು ನಮ್ಮಲ್ಲಿರಲಿಲ್ಲ, ಬೇರೆಯವರಿಗಿಂತ ಏನನ್ನು ಬೇರೆಯಾಗಿ ಮಾಡಿದೆ, ಮುಂದಿನ ವಾರ ಎದುರಾಗಬಹುದಾದ ಅಡ್ಡಿಗೆ ಈಗಲೇ ಏನು ಮಾಡಿಟ್ಟೆ. ಮೂರನೆಯದು ಖಾಲಿ ಬಿಟ್ಟವರ ಜೊತೆ ತರಗತಿ ಮುಗಿದ ಮೇಲೆ ಕೂತು ಮಾತಾಡಿ.