ಕಟ್ ಆಗಿದ್ದಲ್ಲ, ಬ್ಲಾಕ್ ಆಗಿದ್ದು

ಪ್ರ: ಮಗಳ ಪದವಿ ಪ್ರದಾನಕ್ಕೆ ಅಮೆರಿಕಕ್ಕೆ ಹೊರಟಿದ್ದೇವೆ. ನಾಲ್ಕು ರಾತ್ರಿಗೆ ಹೋಟೆಲ್ ಬುಕ್ ಆಗಿದೆ, ಹಣ ಅಲ್ಲಿಗೆ ಹೋದಮೇಲೆ ಕೊಡುವುದು. ಚೆಕ್-ಇನ್ ಹೊತ್ತಿಗೆ ಕಾರ್ಡಿನ ಮೇಲೆ ಹೋಲ್ಡ್ ಹಾಕುತ್ತಾರಂತೆ, ಅಂದರೆ ಬಿಲ್ಲಿಗೆಂದು ಒಂದು ಮೊತ್ತವನ್ನು ಮೊದಲೇ ತಡೆಹಿಡಿಯುತ್ತಾರಂತೆ. ನನ್ನ ಕ್ರೆಡಿಟ್ ಕಾರ್ಡಿನ ಮಿತಿ ಒಂದು ಲಕ್ಷ. ಸಾಕಾದೀತೇ? ಬಡ್ಡಿ ಬೀಳುತ್ತದೆಯೇ?
– ಓದುಗರು, ಶಿವಮೊಗ್ಗ

ಉ: ಬಡ್ಡಿಯಿಲ್ಲ. ಕಂಪನಿಯ ಹೊಸ ಷೇರಿಗೆ (ಐಪಿಒ) ಅರ್ಜಿ ಹಾಕಿದಾಗ ಖಾತೆಯಲ್ಲಿ ಹಣ ಬ್ಲಾಕ್ ಆಗುತ್ತದಲ್ಲ, ಹೆಚ್ಚುಕಡಿಮೆ ಅದೇ ಏರ್ಪಾಡು. ಹಣ ಹೋಟೆಲಿಗೆ ಹೋಗಿರುವುದಿಲ್ಲ, ಸ್ಟೇಟ್‌ಮೆಂಟಿನಲ್ಲೂ ಬರುವುದಿಲ್ಲ. ಆದರೆ ಮಿತಿಯಲ್ಲಿ ಅಷ್ಟು ಭಾಗ ನಿಮ್ಮ ಕೈಗೆ ಸಿಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಲೆಕ್ಕ ಹಾಕಿ ನೋಡಿ. ರಾತ್ರಿಗೆ 150 ಡಾಲರಿನಂತೆ ನಾಲ್ಕು ರಾತ್ರಿಗೆ 600. ತೆರಿಗೆ ಶೇ 14 ಎಂದು ಹಿಡಿದರೆ 84. ಊಟ, ಮಿನಿಬಾರ್, ಒಡಕು-ಹರಕು ಎಂದು ರಾತ್ರಿಗೆ 50 ಡಾಲರ್ ಸೇರಿಸಿದರೆ ಇನ್ನೂ 200. ಒಟ್ಟು 884 ಡಾಲರ್. ಡಾಲರಿಗೆ 90 ರೂಪಾಯಿಯಂತೆ ಸುಮಾರು 79,500 ರೂಪಾಯಿ. ವಿಮಾನದ ಟಿಕೆಟ್ಟನ್ನೂ ಅದೇ ಕಾರ್ಡಿನಲ್ಲಿ ತೆಗೆದು ಬಿಲ್ ಇನ್ನೂ ಕಟ್ಟಿಲ್ಲವೆಂದರೆ ಕೌಂಟರಿನಲ್ಲೇ ಡಿಕ್ಲೈನ್. ಆದ್ದರಿಂದ ಹೊರಡುವ ಮೊದಲು ಬಾಕಿ ತೀರಿಸಿ, ಬೇಕಿದ್ದರೆ ಮಿತಿ ಹೆಚ್ಚಿಸಲು ಬ್ಯಾಂಕನ್ನು ಕೇಳಿ. ಹೋಟೆಲಿಗೂ ಒಂದು ಇಮೇಲ್ ಹಾಕಿ, ರಾತ್ರಿಗೆ ಎಷ್ಟು ಹಿಡಿಯುತ್ತಾರೆಂದು ಬರಹದಲ್ಲೇ ತರಿಸಿಕೊಳ್ಳಿ. ಕೋಣೆ ಬಾಡಿಗೆ ಮುಂಗಡ ಕಟ್ಟಿದ್ದರೆ ಸಾಮಾನ್ಯವಾಗಿ ಆ 200 ಡಾಲರಷ್ಟೇ ಬ್ಲಾಕ್ ಆಗುತ್ತದೆ. ಆದರೆ ಮುಂಗಡದ ದರಕ್ಕೆ ಬಹಳ ಕಡೆ ರೀಫಂಡ್ ಇರುವುದಿಲ್ಲ. ವೀಸಾ ಕೈಗೆ ಬರುವವರೆಗೆ ಆ ದಾರಿ ಬೇಡ.

ಮಿತಿ ಇದ್ದೂ ಡಿಕ್ಲೈನ್ ಆಗುವುದುಂಟು. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಮಾರ್ಚ್‌ನಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮುಚ್ಚಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಅದನ್ನು ತೆರೆಯಬೇಕು. ಅಲ್ಲೇ ಇರುವ ವಹಿವಾಟಿನ ಮಿತಿಯನ್ನೂ ಹೋಲ್ಡ್ ಮೊತ್ತಕ್ಕಿಂತ ಮೇಲಿಡಬೇಕು. ಎರಡನೆಯದನ್ನು ಮರೆಯುವವರೇ ಜಾಸ್ತಿ.

ಚೆಕ್-ಇನ್‌ನಲ್ಲಿ ಸ್ಲಿಪ್ ಕೊಟ್ಟರೆ ಓದಿ. ‘ಪ್ರಿ-ಆಥ್’ ಎಂದಿದ್ದರೆ ಹೋಲ್ಡ್. ‘ಸೇಲ್’ ಎಂದಿದ್ದರೆ ಹಣ ನಿಜವಾಗಿಯೇ ಹೋಗಿದೆ. ಆಮೇಲೆ ವಾಪಸು ಮಾಡಿದರೂ ಡಾಲರ್ ದರದ ವ್ಯತ್ಯಾಸ ನಿಮ್ಮ ತಲೆಗೇ. ಹೆಚ್ಚಿನ ಕಾರ್ಡುಗಳಲ್ಲಿ ಶೇ 2ರಿಂದ 3.5ರವರೆಗೆ ಇರುವ ಫಾರೆಕ್ಸ್ ಮಾರ್ಕಪ್ (ವಿದೇಶಿ ವಹಿವಾಟಿಗೆ ಬ್ಯಾಂಕ್ ಹಾಕುವ ಶುಲ್ಕ), ಅದರ ಮೇಲಿನ ಶೇ 18 ಜಿಎಸ್‌ಟಿ ಸಾಮಾನ್ಯವಾಗಿ ಮರಳುವುದಿಲ್ಲ. ಯಂತ್ರ ‘ರೂಪಾಯಿಯೋ ಡಾಲರೋ’ ಎಂದು ಕೇಳಿದರೆ ಡಾಲರನ್ನೇ ಒತ್ತಿ. ರೂಪಾಯಿ ಆರಿಸಿದರೆ ವಿನಿಮಯ ದರ ನಿಮ್ಮ ಬ್ಯಾಂಕಿನದಲ್ಲ, ಅಲ್ಲಿಯವರದು. ಬಹುತೇಕ ಅದೇ ದುಬಾರಿ.

ಹೋಟೆಲ್ ಬಿಡುವ ದಿನ, ಹೋಲ್ಡ್ ಇಟ್ಟ ಕಾರ್ಡಿನಲ್ಲೇ ಬಿಲ್ ಮುಗಿಸಿ. ಬೇರೆ ಕಾರ್ಡ್ ಅಥವಾ ನಗದು ಕೊಟ್ಟರೆ ಹಳೆಯ ಹೋಲ್ಡ್ ಹಾಗೇ ಉಳಿದು, ಒಂದೇ ಬಿಲ್ಲಿಗೆ ಎರಡು ಕಡೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಹೋಟೆಲಿನವರು ರದ್ದು ಮಾಡದಿದ್ದರೆ ಅದು ತಾನಾಗಿ ಹೋಗಲು ತಿಂಗಳಾದರೂ ಆಶ್ಚರ್ಯವಿಲ್ಲ. ವಾರ ಕಳೆದರೂ ಬಿಡದಿದ್ದರೆ ಸ್ಲಿಪ್ಪಿನಲ್ಲಿರುವ ಅಪ್ರೂವಲ್ ಕೋಡ್, ದಿನಾಂಕ, ಮೊತ್ತ ನಮೂದಿಸಿ ರಿಲೀಸ್ ಪತ್ರ ಕೊಡುವಂತೆ ಹೋಟೆಲನ್ನು ಕೇಳಿ, ಅದನ್ನು ನಿಮ್ಮ ಬ್ಯಾಂಕಿಗೆ ಕಳಿಸಿ. ಕೋಡ್ ಇಲ್ಲದೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ‘ಕಾಯಿರಿ’ ಎಂಬ ಉತ್ತರವೇ ಗತಿ.

ಪ್ರ: ದುಬೈಯಲ್ಲಿ ತಮ್ಮನ ಮನೆಗೆ ಹೋಗುತ್ತಿದ್ದೇನೆ. ಬಾಡಿಗೆ ಕಾರಿಗೆ ಫಾರೆಕ್ಸ್ ಕಾರ್ಡ್ ನಡೆಯುತ್ತದೆಯೇ?
– ಹೆಸರು ಬೇಡ, ಉಡುಪಿ

ಉ: ಡೆಪಾಸಿಟ್ಟಿಗೆ ಬೇಡ. ಫಾರೆಕ್ಸ್ ಕಾರ್ಡ್ ಎಂದರೆ ಮೊದಲೇ ವಿದೇಶಿ ಹಣ ತುಂಬಿಸಿದ ಪ್ರಿಪೇಯ್ಡ್ ಕಾರ್ಡ್, ಹಲವು ಕಂಪನಿಗಳು ಅದನ್ನು ಒಪ್ಪುವುದೇ ಇಲ್ಲ. ಒಪ್ಪಿದರೂ ನೀವು ತುಂಬಿಸಿದ ಹಣವೇ ಲಾಕ್ ಆಗುತ್ತದೆ. ಕಾರು ಓಡಿಸುವವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಬೇಕು. ತಮ್ಮನ ಕಾರ್ಡ್ ತೋರಿಸಿ ನೀವು ಓಡಿಸುತ್ತೇನೆಂದರೆ ಸಾಮಾನ್ಯವಾಗಿ ಕೀಲಿ ಕೊಡುವುದಿಲ್ಲ.

ಅಲ್ಲಿ ಕಾರು ಮರಳಿಸಿದ ಕೂಡಲೇ ಡೆಪಾಸಿಟ್ ಬಿಡುವುದಿಲ್ಲ. ಸಾಲಿಕ್ (ದುಬೈಯ ರಸ್ತೆ ಟೋಲ್), ವೇಗದ ದಂಡಗಳು ತಡವಾಗಿ ಬರುತ್ತವೆಂದು ಎರಡರಿಂದ ನಾಲ್ಕು ವಾರ ಹಿಡಿದಿಡುವುದು ವಾಡಿಕೆ. ಎಷ್ಟು ದಿನವೆಂದು ಕರಾರಿನಲ್ಲಿ ನೋಡಿಯೇ ಸಹಿ ಹಾಕಿ. ಪೂರ್ಣ ವಿಮೆ ತೆಗೆದುಕೊಂಡರೆ ಕೆಲವು ಕಂಪನಿಗಳು ಹೋಲ್ಡ್ ಇಳಿಸುತ್ತವೆ, ಆದರೆ ವಿಮೆಯ ಹಣ ಮಾತ್ರ ಹೋದದ್ದೇ. ಮಿತಿ ಸಾಕಷ್ಟಿದ್ದರೆ, ಬರೀ ಹೋಲ್ಡ್ ತಗ್ಗಿಸಲೆಂದು ವಿಮೆ ಕೊಳ್ಳುವುದು ದಂಡ. ಕಾರು ಪಡೆಯುವಾಗಲೂ ಕೊಡುವಾಗಲೂ ನಾಲ್ಕೂ ಬದಿ, ಗಾಜು, ಚಕ್ರ, ಪೆಟ್ರೋಲ್ ಮುಳ್ಳು ಕಾಣುವಂತೆ ವಿಡಿಯೊ ತೆಗೆದಿಡಿ.

ಪ್ರ: ನನ್ನ ಕಾರ್ಡ್ ತುಂಬಿದರೆ ಅದರ ಜೊತೆಗೇ ಹೆಂಡತಿಗೆ ಕೊಟ್ಟ ಆ್ಯಡ್-ಆನ್ ಕಾರ್ಡ್ ಇದೆ. ಅದೂ ಆಗದಿದ್ದರೆ ಡೆಬಿಟ್ ಕಾರ್ಡ್ ಸಾಲದೇ?
– ಓದುಗರು, ಹುಬ್ಬಳ್ಳಿ

ಉ: ಆ್ಯಡ್-ಆನ್‌ಗೆ ಬೇರೆ ಮಿತಿಯಿಲ್ಲ, ನಿಮ್ಮದು ತುಂಬಿದರೆ ಅದೂ ತುಂಬಿದಂತೆಯೇ. ಒಂದೇ ಬ್ಯಾಂಕಿನ ಎರಡು ಕಾರ್ಡುಗಳಿಗೂ ಎಷ್ಟೋ ಸಲ ಮಿತಿ ಒಂದೇ. ಎರಡನೆಯ ಕಾರ್ಡ್ ಬೇರೆ ಬ್ಯಾಂಕಿನದಿರಲಿ. ಡೆಬಿಟ್ ಕಾರ್ಡಿನ ಮೇಲೆ ಹೋಲ್ಡ್ ಬಿದ್ದರೆ ಉಳಿತಾಯ ಖಾತೆಯ ಹಣವೇ ಸಿಕ್ಕಿಬಿದ್ದು, ಆ ವಾರ ಇಎಂಐ ಬೌನ್ಸ್ ಆದೀತು. ಅಮೆರಿಕದ ಪೆಟ್ರೋಲ್ ಪಂಪಿನಲ್ಲೂ ಎಚ್ಚರ: ಪಂಪಿಗೇ ಕಾರ್ಡ್ ಹಾಕಿದರೆ 30 ಡಾಲರಿನ ಪೆಟ್ರೋಲಿಗೆ 175 ಡಾಲರ್‌ವರೆಗೂ ಬ್ಲಾಕ್ ಆಗಬಹುದು. ಒಳಗೆ ಹೋಗಿ ಪಂಪ್ ಸಂಖ್ಯೆ ಹೇಳಿ, ಬೇಕಾದಷ್ಟಕ್ಕೆ ಮೊದಲೇ ಹಣ ಕಟ್ಟಿದರೆ ಆ ಗೊಡವೆ ಇಲ್ಲ.